ಟಿಬಿಲಿಸಿಯಿಂದ ಬಂದ ಸಿನಿಮಾ ಪೋಸ್ಟರ್: ಅಸಲಿ ಯಾವುದು, ಗೋಡೆಗೆ ಯಾವುದು?

ಪ್ರಶ್ನೆ: ನನ್ನ ಮಗಳು ಜಾರ್ಜಿಯಾದ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಈ ಸಲ ರಜೆಗೆ ಬರುವಾಗ ಅಲ್ಲಿನ ಡ್ರೈ ಬ್ರಿಜ್ ಸಂತೆಯಲ್ಲಿ ಕೊಂಡ ಮೂರು ಹಳೆಯ ಸಿನಿಮಾ ಪೋಸ್ಟರ್ ತಂದಿದ್ದಾಳೆ. ಮೂರೂ ಸೋವಿಯತ್ ಕಾಲದವು ಎಂದು ಮಾರಿದವರು ಹೇಳಿದರಂತೆ. ಫೋಟೊ ಕಳಿಸಿದ್ದೇನೆ. ಒಂದು ‘ನನ್ನ ಅಜ್ಜಿ’, ಇನ್ನೊಂದು ‘ಸೈನಿಕನ ತಂದೆ’, ಮತ್ತೊಂದು ‘ಪಿರೊಸ್ಮಾನಿ’ ಎಂಬ ಚಿತ್ರದ್ದು ಎಂದು ಮಗಳು ಓದಿ ಹೇಳಿದಳು. ಮೊದಲನೆಯದು ಹೊಸದರ ಹಾಗೆ ಹೊಳೆಯುತ್ತದೆ. ಎರಡನೆಯದರ ಮೇಲೆ ಮಡಿಕೆಯ ಗೆರೆಗಳಿವೆ. ಮೂರನೆಯದು ಮಂಕಾಗಿದೆ, ಅಂಚೂ ಹರಿದಿದೆ. ಅದನ್ನು ಒಳಗಿಟ್ಟು ಉಳಿದೆರಡನ್ನು ನಮ್ಮ ಮೈಸೂರಿನ ಮನೆಯ ಹಾಲ್‌ನಲ್ಲಿ ಹಾಕೋಣವೆಂದಿದ್ದೇವೆ. ಫ್ರೇಮ್ ಅಂಗಡಿಯವರು ಕೆಳಗಿನ ಬಿಳಿ ಪಟ್ಟಿ ಕತ್ತರಿಸಿ, ಲ್ಯಾಮಿನೇಟ್ ಮಾಡಿ, ಹಲಗೆಗೆ ಅಂಟಿಸಿ ಕೊಡುತ್ತೇವೆ ಎನ್ನುತ್ತಾರೆ. ಮಾಡಿಸಬಹುದೇ? ಇವು ಅಸಲಿಯೇ? ಅಷ್ಟಕ್ಕೂ ಸಿನಿಮಾ ಪೋಸ್ಟರನ್ನು ಕಲಾಕೃತಿ ಎಂದು ಗೋಡೆಗೆ ಹಾಕುವುದರಲ್ಲಿ ಅರ್ಥವಿದೆಯೇ?

ಉತ್ತರ: ಮೊದಲು ಫ್ರೇಮ್ ಅಂಗಡಿಗೆ ಫೋನ್ ಮಾಡಿ, ಕತ್ತರಿ ಮುಟ್ಟಿಸಬೇಡಿ ಎಂದು ಹೇಳಿ. ಲ್ಯಾಮಿನೇಶನ್ನೂ ಬೇಡ, ಹಲಗೆಗೆ ಅಂಟಿಸುವುದೂ ಬೇಡ. ಮಿಕ್ಕಿದ್ದನ್ನು ನಿಧಾನವಾಗಿ ನೋಡೋಣ.

ಅವರು ಕತ್ತರಿಸಿ ತೆಗೆಯಬೇಕೆಂದಿರುವ ಆ ಬಿಳಿ ಪಟ್ಟಿಯೇ ಪೋಸ್ಟರಿನ ಜಾತಕ. ಯಾರು ಬರೆದದ್ದು, ಎಲ್ಲಿ ಅಚ್ಚಾದದ್ದು, ಯಾವ ವರ್ಷ, ಎಷ್ಟು ಪ್ರತಿ ಎಂಬುದೆಲ್ಲ ಅಲ್ಲೇ ಇರುತ್ತದೆ. ಅದು ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಊರುಹೆಸರಿಲ್ಲದ ಒಂದು ಚಿತ್ರ. ಮುಂದೆ ಯಾರಾದರೂ ತಿಳಿದವರು ಬಂದು ನೋಡಿದರೂ ಅಸಲಿಯೋ ನಕಲಿಯೋ ಎಂದು ಖಚಿತವಾಗಿ ಹೇಳಲಾರರು.

ಫೋಟೊ ನೋಡಿ ಪೂರ್ತಿ ತೀರ್ಪು ಕೊಡುವುದು ಸರಿಯಲ್ಲ, ಕಾಗದವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಆದರೂ ನೀವು ಹತ್ತಿರದಿಂದ ತೆಗೆದ ಫೋಟೊಗಳಿಂದ ಇಷ್ಟು ಹೇಳಬಲ್ಲೆ. ಹೊಳೆಯುವ ‘ನನ್ನ ಅಜ್ಜಿ’ ಇತ್ತೀಚೆಗೆ ಅಚ್ಚಾದ ಪ್ರತಿ. ಮಡಿಕೆ ಬಿದ್ದ ‘ಸೈನಿಕನ ತಂದೆ’ ಎಲ್ಲ ಲಕ್ಷಣಗಳಿಂದಲೂ ಆ ಕಾಲದ್ದೇ. ಒಳಗಿಡೋಣವೆಂದುಕೊಂಡ ಆ ಮಂಕಾದ, ಅಂಚು ಹರಿದ ‘ಪಿರೊಸ್ಮಾನಿ’ ಇದೆಯಲ್ಲ, ಮೂರರಲ್ಲಿ ನನಗೆ ಮೇಲೆನಿಸುವುದು ಅದೇ. ನಿಮ್ಮ ಹಾಲ್‌ಗೆ ಹೋಗಬೇಕಾದದ್ದೂ ಅದೇ.

‘ಸೈನಿಕನ ತಂದೆ’ಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಓದುವುದು ಸುಲಭ. ಅದರ ಅಕ್ಷರಗಳು ರಷ್ಯನ್. ಚಿತ್ರ ತಯಾರಾದದ್ದು ಟಿಬಿಲಿಸಿಯ ಸ್ಟುಡಿಯೊದಲ್ಲಿ, ನಿರ್ದೇಶಕ ರೆಜೊ ಚ್ಖೇಯಿಡ್ಜೆ, ವರ್ಷ 1964. ಆದರೆ ಜಾರ್ಜಿಯಾದಂಥ ಯಾವುದೇ ಸೋವಿಯತ್ ಗಣರಾಜ್ಯದ ಚಿತ್ರ ಇಡೀ ಒಕ್ಕೂಟದಲ್ಲಿ ಬಿಡುಗಡೆಯಾಗುವಾಗ ಅದಕ್ಕೆ ರಷ್ಯನ್ ಡಬ್ಬಿಂಗ್ ಆಗುತ್ತಿತ್ತು, ಪೋಸ್ಟರನ್ನು ಮಾಸ್ಕೋದ ‘ರೆಕ್ಲಾಮ್‌ಫಿಲ್ಮ್’ ಎಂಬ ಸಂಸ್ಥೆ ಮಾಡಿಸುತ್ತಿತ್ತು. ನಿಮ್ಮ ಪೋಸ್ಟರಿನ ಕೆಳಪಟ್ಟಿಯಲ್ಲಿ ಆ ಹೆಸರಿದೆ. ಅದರ ಪಕ್ಕ ಕಲಾವಿದರ ಹೆಸರು, ಸಂಪಾದಕರ ಹೆಸರು, ಅಚ್ಚಿಗೆ ಸಹಿ ಬಿದ್ದ ದಿನಾಂಕ, ಪ್ರತಿಗಳ ಸಂಖ್ಯೆ. ದಿನಾಂಕದಲ್ಲಿ ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ಅಲ್ಲಿನ ಮುದ್ರಣಾಲಯಗಳ ರೂಢಿ. ಅದರ ಮುಂದೆ 65 ಎಂದು ನಿಮ್ಮ ಫೋಟೊದಲ್ಲಿ ಚೆನ್ನಾಗಿ ಕಾಣುತ್ತಿದೆ. ಚಿತ್ರ 64ರದ್ದು, ಒಕ್ಕೂಟದಾದ್ಯಂತ ತೆರೆಕಂಡದ್ದು ಮರುವರ್ಷ. ಲೆಕ್ಕ ಸರಿಹೋಗುತ್ತದೆ.

ಮಡಿಕೆ ಗೆರೆಗಳನ್ನು ಕಂಡು ಬೇಸರ ಮಾಡಿಕೊಳ್ಳಬೇಡಿ. ಪೋಸ್ಟರನ್ನು ಮಡಚಿಯೇ ಊರೂರಿನ ಚಿತ್ರಮಂದಿರಗಳಿಗೆ ಕಳಿಸುತ್ತಿದ್ದರು. ಒಂದೂ ಮಡಿಕೆಯಿಲ್ಲದೆ ನುಣ್ಣಗಿದ್ದರೆ ಅಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮದರಲ್ಲಿ ಗೆರೆಯುದ್ದಕ್ಕೂ ಶಾಯಿ ಸಣ್ಣಗೆ ಎದ್ದು ಬಿಳಿ ನಾರು ಕಾಣುತ್ತಿದೆ. ನಕಲಿ ಪ್ರತಿಗಳಲ್ಲಿ ಮಡಿಕೆಯ ಚಿತ್ರವೂ ಅಚ್ಚಾಗಿರುತ್ತದೆ: ಕಣ್ಣಿಗೆ ಗೆರೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಕೈ ತೊಳೆದು ಒರೆಸಿಕೊಂಡು ಮೆಲ್ಲಗೆ ಸವರಿ ನೋಡಿ.

ಈ ಚಿತ್ರವನ್ನು ನೀವು ನೋಡಿಲ್ಲವಾದರೆ, ಪೋಸ್ಟರ್ ಗೋಡೆಗೇರುವ ಮೊದಲು ದಯವಿಟ್ಟು ನೋಡಿ. ಕಾಖೆತಿ ಎಂಬ ದ್ರಾಕ್ಷಿ ಸೀಮೆಯ ಮುದುಕನೊಬ್ಬ ಗಾಯಗೊಂಡ ಮಗನನ್ನು ನೋಡಲು ಆಸ್ಪತ್ರೆಗೆ ಹೊರಡುತ್ತಾನೆ. ಅಲ್ಲಿಗೆ ತಲುಪುವಷ್ಟರಲ್ಲಿ ಮಗ ಮತ್ತೆ ಯುದ್ಧಕ್ಕೆ ಹೋಗಿರುತ್ತಾನೆ. ಅವನನ್ನು ಹುಡುಕುತ್ತ ಮುದುಕನೂ ಸೈನ್ಯ ಸೇರಿ ಜರ್ಮನಿಯವರೆಗೆ ನಡೆದುಬಿಡುತ್ತಾನೆ. ಜರ್ಮನ್ ನೆಲದ ದ್ರಾಕ್ಷಿ ತೋಟವೊಂದರ ಮೇಲೆ ತನ್ನದೇ ಪಡೆಯ ಟ್ಯಾಂಕ್ ಹತ್ತಿದಾಗ ಆ ರೈತ ಅದರೆದುರು ನಿಂತು ಬೈಯುವ ದೃಶ್ಯವಿದೆ. ಶತ್ರುವಿನ ಬಳ್ಳಿಯಾದರೂ ಬಳ್ಳಿ ಬಳ್ಳಿಯೇ. ಆ ಪಾತ್ರಕ್ಕೆ ಸೆರ್ಗೊ ಜಕರಿಯಾಡ್ಜೆ 1965ರ ಮಾಸ್ಕೋ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಪೋಸ್ಟರಿನಲ್ಲಿ ಆ ಮುಖವೇ ತುಂಬಿಕೊಂಡಿರುವುದಕ್ಕೆ ಕಾರಣ ಚಿತ್ರ ನೋಡಿದ ಮೇಲೆ ತಾನಾಗಿ ತಿಳಿಯುತ್ತದೆ.

ಇನ್ನು ‘ನನ್ನ ಅಜ್ಜಿ’. ಇದು ಅಸಲಿಯಾಗಿದ್ದರೆ ನಿಮ್ಮ ಮಗಳ ವಿದ್ಯಾರ್ಥಿ ಜೇಬಿಗೆ ನಿಲುಕುತ್ತಲೇ ಇರಲಿಲ್ಲ. ಕೋತೆ ಮಿಕಾಬೆರಿಡ್ಜೆ 1929ರಲ್ಲಿ ಮಾಡಿದ ಮೂಕಿ ಚಿತ್ರವಿದು. ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ಮತ್ತೊಂದು ಕುರ್ಚಿಗಾಗಿ ವಶೀಲಿ ಹುಡುಕುವ ಕಥೆ. ಶೀರ್ಷಿಕೆಯ ಅಜ್ಜಿ ಎಂದರೆ ಹಿಂದೆ ನಿಂತು ಕಾಪಾಡುವ ದೊಡ್ಡವರು. ಸರ್ಕಾರಿ ಕಚೇರಿಯ ಸೋಮಾರಿತನವನ್ನು ಆ ಮಟ್ಟಿಗೆ ಬಯಲಿಗೆಳೆದದ್ದಕ್ಕೆ ಚಿತ್ರವನ್ನು ನಿಷೇಧಿಸಿದರು. ಹತ್ತಿರ ಹತ್ತಿರ 50 ವರ್ಷ ಅದು ಕತ್ತಲಲ್ಲಿತ್ತು. ಅದರ ಕಲಾ ವಿನ್ಯಾಸದಲ್ಲಿ ಪ್ರಮುಖ ಕೈ ಇರಾಕ್ಲಿ ಗಮ್ರೆಕೆಲಿ ಅವರದು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

20ರ ದಶಕದ ಪೋಸ್ಟರುಗಳು ಗೋಡೆಗೆ ಅಂಟಿಸಲೆಂದೇ ಅಚ್ಚಾದವು. ಅಂಟಿಸಿದ್ದು ಮಳೆಗೆ ಹೋಯಿತು, ಇಲ್ಲವೇ ಮುಂದಿನ ವಾರದ ಪೋಸ್ಟರಿನ ಅಡಿಗೆ ಹೋಯಿತು. ಅಂಟಿಸದೆ ಮಿಕ್ಕವನ್ನು ಜೋಪಾನ ಮಾಡುವ ಯೋಚನೆ ಆಗ ಯಾರಿಗಿತ್ತು? ಹೀಗಾಗಿ ಉಳಿದವು ಬೆರಳೆಣಿಕೆಯಷ್ಟು. ಬೇಡಿಕೆ ಮಾತ್ರ ಜಗತ್ತಿನಾದ್ಯಂತ ಇದೆ. ಎಲ್ಲಿ ಹೀಗಿದೆಯೋ ಅಲ್ಲಿ ಮರುಮುದ್ರಣ ಧಾರಾಳವಾಗಿ ಬರುತ್ತದೆ.

ಮನೆಯಲ್ಲೇ ಪರೀಕ್ಷಿಸಲು ಎರಡು ಸಾಮಾನು ಸಾಕು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಒಂದು, ಚಿನ್ನದಂಗಡಿಯವರು ಕಣ್ಣಿಗಿಟ್ಟುಕೊಳ್ಳುವ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇನ್ನೊಂದು. ಕತ್ತಲು ಕೋಣೆಯಲ್ಲಿ ಟಾರ್ಚ್ ಬಿಡಿ. ಕಾಗದ ನೀಲಿಬಿಳಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಅಂಥದ್ದನ್ನು ಕಾಗದಕ್ಕೆ ಬೆರೆಸತೊಡಗಿದ್ದು 1950ರ ಆಸುಪಾಸಿನಲ್ಲಿ. 1929ರ ಕಾಗದ ಹಾಗೆ ಹೊಳೆಯಲು ಸಾಧ್ಯವಿಲ್ಲ. ಮಬ್ಬಾಗಿ, ಕಂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ.

ಭೂತಗನ್ನಡಿಯನ್ನು ಚಿತ್ರದ ಮೇಲಿಡುವ ಮೊದಲು ಕೆಳಪಟ್ಟಿಯ ಸಣ್ಣಕ್ಷರದ ಮೇಲಿಡಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಅಸಲಿ ಪ್ರತಿಯಲ್ಲಿ ಆ ಅಕ್ಷರಗಳು ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ಒತ್ತಿರುತ್ತವೆ, ಅಂಚು ಕಡಿದಂತಿರುತ್ತದೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಆ ಪುಟ್ಟ ಅಕ್ಷರವೂ ನೀಲಿ, ಕೆಂಪು, ಹಳದಿ ಚುಕ್ಕಿಗಳ ಗುಂಪಾಗಿ ಒಡೆದು ಕಾಣುತ್ತದೆ, ಇಲ್ಲವೇ ಶಾಯಿ ಸಿಡಿದ ತುಂತುರು ಕಾಣುತ್ತದೆ. ಚಿತ್ರಭಾಗದಲ್ಲಿ ಚುಕ್ಕಿ ಕಂಡಾಕ್ಷಣ ನಕಲಿ ಎನ್ನುವ ಹಾಗಿಲ್ಲ. 60ರ, 70ರ ದಶಕದ ಅಸಲಿ ಪೋಸ್ಟರುಗಳು ಆಫ್‌ಸೆಟ್‌ನಲ್ಲೇ ಅಚ್ಚಾದವು, ಅವುಗಳ ಚಿತ್ರದಲ್ಲಿ ಚುಕ್ಕಿ ಇದ್ದೇ ಇರುತ್ತದೆ. 20ರ ದಶಕದವು ಲಿಥೊ. ಕಲ್ಲಿನ ಇಲ್ಲವೇ ಸತುವಿನ ತಗಡಿನ ಮೇಲೆ ಕೈಯಿಂದ ಬರೆದು ಒತ್ತಿದ್ದು. ಅದರಲ್ಲಿ ಸಾಲುಗಟ್ಟಿದ ಚುಕ್ಕಿಯಿರುವುದಿಲ್ಲ, ಮೇಣದ ಕಡ್ಡಿ ಉಜ್ಜಿದಂಥ ತರಿತರಿ ಇರುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು ಬೇಕಾದ್ದರಿಂದ ಕಲಾವಿದ ಮೂರ್ನಾಲ್ಕು ಬಣ್ಣದಲ್ಲೇ ಎಲ್ಲವನ್ನೂ ಹೇಳಬೇಕಿತ್ತು. ಕೆಂಪೂ ಕಪ್ಪೂ ಸೇರುವ ಗಡಿಯನ್ನು ದಿಟ್ಟಿಸಿದರೆ ಒಂದೆಡೆ ಎಳೆಯಷ್ಟು ಬಿಳಿ ಬಿಟ್ಟುಹೋಗಿರುತ್ತದೆ, ಇನ್ನೊಂದೆಡೆ ಒಂದರ ಮೇಲೊಂದು ಹತ್ತಿರುತ್ತದೆ. ಅಚ್ಚುಯಂತ್ರದ ಮುಂದೆ ನಿಂತಿದ್ದ ಮನುಷ್ಯನ ಕೈ ಕಾಣುವುದು ಅಲ್ಲೇ.

ನಿಮ್ಮ ‘ನನ್ನ ಅಜ್ಜಿ’ಯಲ್ಲಿ ಕೆಳಗಿನ ಅಕ್ಷರಗಳು ಒಡೆದಿವೆ, ಕಾಗದ ಹಾಲುಬಿಳಿ, ಮಡಿಕೆಯಿಲ್ಲ. ಹಾಗೆಂದು ಎಸೆಯಬೇಕಿಲ್ಲ. ವಿನ್ಯಾಸ ಸೊಗಸಾದದ್ದೇ. ಮಗಳ ಹಾಸ್ಟೆಲ್ ಕೋಣೆಗೋ, ಬಿಸಿಲು ಬೀಳುವ ಮೆಟ್ಟಿಲ ಗೋಡೆಗೋ ಹಾಕಿ. ಅಲ್ಲಿ ಅಸಲಿ ಹಾಕಲು ಮನಸ್ಸು ಬಾರದು, ಇದಕ್ಕೆ ಆ ಭಯವಿಲ್ಲ. ಅದೊಂದನ್ನು ನಿಮ್ಮ ಅಂಗಡಿಯವರು ಬೇಕಾದ ಹಾಗೆ ಫ್ರೇಮ್ ಮಾಡಿಕೊಡಲಿ.

ಈಗ ‘ಪಿರೊಸ್ಮಾನಿ’. ನನ್ನ ಮನಸ್ಸೆಲ್ಲ ಇದರ ಮೇಲಿದೆ.

ಇದರ ಅಕ್ಷರಗಳು ಜಾರ್ಜಿಯನ್. ಅದನ್ನು ಕಂಡು ನಿಮ್ಮ ಮನೆಯವರಲ್ಲಿ ಯಾರಾದರೂ ‘ಕನ್ನಡದ ಹಾಗೇ ಇದೆಯಲ್ಲ’ ಎಂದಿರಬಹುದು. ಗುಂಡಗಿನ ಆ ತಿರುವುಗಳನ್ನು ಕಂಡ ಕನ್ನಡಿಗರಿಗೆಲ್ಲ ಹಾಗನ್ನಿಸುತ್ತದೆ. ಎರಡು ಲಿಪಿಗಳಿಗೂ ಬಳಗದ ನಂಟಿಲ್ಲ, ಕಣ್ಣಿಗೆ ಮಾತ್ರ ನಂಟು. 33 ಅಕ್ಷರಗಳ ಈ ಲಿಪಿಯ ಹೆಸರು ಮ್ಖೆದ್ರುಲಿ. ಇದಕ್ಕೂ ಹಳೆಯ ಎರಡು ರೂಪಗಳು ಇನ್ನೂ ಚರ್ಚಿನ ಬಳಕೆಯಲ್ಲಿವೆ. ಮೂರೂ ಜೀವಂತವಾಗಿರುವ ಈ ಬರವಣಿಗೆಯ ಪರಂಪರೆಯನ್ನು 2016ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಂತೆಯೇ ಅವರಿಗೂ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಆದರೆ ಮಾಮೂಲಿ ಬರವಣಿಗೆಯಲ್ಲಿ ಕೆಲವು ಅಕ್ಷರ ಮೇಲೆ ಚಾಚುತ್ತದೆ, ಕೆಲವು ಕೆಳಗೆ ಇಳಿಬೀಳುತ್ತದೆ. ಪೋಸ್ಟರ್ ಬರೆಯುವವರಿಗೆ ಇದು ತೊಡಕು, ನಮ್ಮ ಪೋಸ್ಟರ್ ಕಲಾವಿದರಿಗೆ ಒತ್ತಕ್ಷರ ತೊಡಕಾದಂತೆ. ಶೀರ್ಷಿಕೆ ಗಟ್ಟಿಯಾಗಿ ಒಂದೇ ಸಾಲಿನಲ್ಲಿ ಕೂರಬೇಕಲ್ಲ? ಅದಕ್ಕೆ ಅವರು ಎಲ್ಲ ಅಕ್ಷರಗಳನ್ನೂ ಒಂದೇ ಎತ್ತರಕ್ಕೆ ಹಿಗ್ಗಿಸಿ ಕುಗ್ಗಿಸಿ ಬರೆಯುತ್ತಾರೆ. ಆ ಶೈಲಿಗೆ ಮ್ತವ್ರುಲಿ ಎನ್ನುತ್ತಾರೆ. ಅದರಲ್ಲಿ ಶೀರ್ಷಿಕೆಯೇ ಒಂದು ಪಟ್ಟಿಕೆಯಾಗುತ್ತದೆ, ಕಲ್ಲಿನಲ್ಲಿ ಕೊರೆದಂತೆ. ಮಾಸ್ಕೋದಲ್ಲಿ ಅಚ್ಚಾದ ಪೋಸ್ಟರುಗಳಲ್ಲಿ ಚಿತ್ರ ಎಷ್ಟೇ ಚೆನ್ನಾಗಿರಲಿ, ಶೀರ್ಷಿಕೆ ಬರೀ ಮಾಹಿತಿ ಎನ್ನಿಸುವುದುಂಟು. ಟಿಬಿಲಿಸಿಯವರ ಒಳ್ಳೆಯ ಪೋಸ್ಟರುಗಳಲ್ಲಿ ಅಕ್ಷರವೂ ಚಿತ್ರದ ಅರ್ಧ ಕೆಲಸ ಮಾಡುತ್ತದೆ. ಅಲಂಕಾರಕ್ಕೆಂದು ಜಾರ್ಜಿಯನ್ ಪೋಸ್ಟರ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದೇ ಇದು: ಅಕ್ಷರ ನೋಡಿ ಆರಿಸಿ. ಓದಲು ಬಾರದವರಿಗೂ ಆ ಸಾಲು ಕಣ್ತುಂಬಾ ಸಿಗುತ್ತದೆ.

ನಿಮ್ಮ ಪೋಸ್ಟರಿನ ಶೀರ್ಷಿಕೆಯಲ್ಲಿ ‘ಇ’ ಎಂಬ ಅಕ್ಷರ ಎರಡು ಸಲ ಬಂದಿದೆ, ಎರಡನೆಯ ಸ್ಥಾನದಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಅವರಲ್ಲಿ ಗುಣಿತವಿಲ್ಲ, ಸ್ವರವನ್ನೂ ಬಿಡಿ ಅಕ್ಷರವಾಗಿಯೇ ಬರೆಯುತ್ತಾರೆ. ಕಮಾನಿನ ಹಾಗೆ ಬಾಗಿದ ಅಕ್ಷರವದು. ಎರಡನ್ನೂ ಅಕ್ಕಪಕ್ಕ ಹೋಲಿಸಿ ನೋಡಿ. ಕೊನೆಯದರ ಕಾಲು ತುಸು ಅಗಲ, ತಿರುವು ತುಸು ತಗ್ಗು. ಅಚ್ಚಿನ ಮೊಳೆಯಾಗಿದ್ದರೆ ಎರಡೂ ಪಡಿಯಚ್ಚಾಗಿರುತ್ತಿದ್ದವು. ಇಡೀ ಶೀರ್ಷಿಕೆಯನ್ನು ಯಾರೋ ಕುಂಚದಲ್ಲಿ ಬರೆದಿದ್ದಾರೆ, ಸಾಲು ಮುಗಿಯುವಲ್ಲಿ ಕೈಯನ್ನು ಸ್ವಲ್ಪ ಸಡಿಲ ಬಿಟ್ಟಿದ್ದಾರೆ.

ಇನ್ನು ಮಂಕು. ನೀವು ಮಂಕು ಎಂದದ್ದು ಬಹುಮಟ್ಟಿಗೆ ಪೋಸ್ಟರಿನ ಕಪ್ಪು ನೆಲ. ಅದು ಮಾಸಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನಿಕೊ ಪಿರೊಸ್ಮಾನಿ ಜಾರ್ಜಿಯಾದ ಮನೆಮಾತಾದ ಚಿತ್ರಕಾರ, 1862ರಲ್ಲಿ ಹುಟ್ಟಿ 1918ರಲ್ಲಿ ಬಡತನದಲ್ಲೇ ತೀರಿಕೊಂಡವನು. ಟಿಬಿಲಿಸಿಯ ದುಖಾನ್ ಎಂಬ ಹೆಂಡದಂಗಡಿಗಳಿಗೆ ಬೋರ್ಡು, ಗೋಡೆಚಿತ್ರ ಬರೆದುಕೊಟ್ಟು ಊಟ, ವೈನು ಪಡೆದು ಬದುಕಿದವನು. ಕ್ಯಾನ್ವಾಸಿನ ಬದಲು ಕಪ್ಪು ಎಣ್ಣೆಬಟ್ಟೆಯ ಮೇಲೆ ಬರೆಯುತ್ತಿದ್ದ. ಕಪ್ಪು ಬೇಕಾದಲ್ಲಿ ಬಣ್ಣ ಹಚ್ಚುತ್ತಲೇ ಇರಲಿಲ್ಲ, ಬಟ್ಟೆಯನ್ನೇ ಹಾಗೇ ಬಿಡುತ್ತಿದ್ದ. ಅವನ ಜಿಂಕೆ, ಜಿರಾಫೆ, ಕೆಂಪಂಗಿಯ ಬೆಸ್ತ, ಹಬ್ಬದೂಟಕ್ಕೆ ಕೂತ ಗಂಡಸರು ಎಲ್ಲರೂ ಆ ಕತ್ತಲಿಂದ ಎದ್ದು ಬಂದಂತಿರುವುದು ಅದಕ್ಕೇ. 1912ರಲ್ಲಿ ಜ್ದಾನೆವಿಚ್ ಸೋದರರೂ ಅವರ ಗೆಳೆಯ ಲೆ ದಾಂತ್ಯುವೂ ಆ ಚಿತ್ರಗಳನ್ನು ಕಂಡು ಬೆರಗಾಗಿ ಹೊರಜಗತ್ತಿಗೆ ಹೇಳಿದರು. ಗಿಯೊರ್ಗಿ ಶೆಂಗೆಲಾಯಾ 1969ರಲ್ಲಿ ಅವನ ಬದುಕನ್ನು ಚಿತ್ರವಾಗಿ ಮಾಡಿದಾಗ ಆ ಪಾತ್ರಕ್ಕೆ ವೃತ್ತಿನಟನನ್ನು ಕರೆಯಲಿಲ್ಲ, ಅವ್ತಾಂದಿಲ್ ವರಾಜಿ ಎಂಬ ಚಿತ್ರಕಾರನನ್ನೇ ನಿಲ್ಲಿಸಿದರು. ಅಂಗಡಿ ಬೋರ್ಡಿನಿಂದ ಎದ್ದ ಕಲೆಯ ಬಗ್ಗೆ ಒಂದು ಸಿನಿಮಾ, ಆ ಸಿನಿಮಾಗೆ ಬೀದಿಯಲ್ಲಿ ಅಂಟಿಸಲು ಇನ್ನೊಂದು ಚಿತ್ರ. ನಿಮ್ಮ ಪೋಸ್ಟರ್ ಬರೆದವರು ಆ ಕಪ್ಪನ್ನು ಉಳಿಸಿಕೊಂಡದ್ದು ಪಿರೊಸ್ಮಾನಿಗೆ ಸಲ್ಲಿಸಿದ ಗೌರವ ಎಂದೇ ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ವಿಷಯ. 1970ರ ಜನಗಣತಿಯಲ್ಲಿ ಇಡೀ ಸೋವಿಯತ್ ಒಕ್ಕೂಟದ ಜನಸಂಖ್ಯೆ ಸುಮಾರು 24 ಕೋಟಿ, ಜಾರ್ಜಿಯಾದ್ದು 47 ಲಕ್ಷದ ಹತ್ತಿರ. ಜಾರ್ಜಿಯನ್ ಅಕ್ಷರದ ಪೋಸ್ಟರ್ ಬೇಕಾದದ್ದು ಆ 47 ಲಕ್ಷ ಜನರ ಊರುಗಳಿಗೆ ಮಾತ್ರ. ರಷ್ಯನ್ ಪೋಸ್ಟರುಗಳಷ್ಟು ಇವು ಸಿಗದಿರುವುದು ಅದರಿಂದ. ಹಾಗಿದ್ದೂ ಸಂತೆಯಲ್ಲಿ ಬೆಲೆ ಹೆಚ್ಚು ಹೇಳುವುದು ಸಾಮಾನ್ಯವಾಗಿ ರಷ್ಯನ್‌ಗೇ, ಪ್ರವಾಸಿಗರಿಗೆ ‘ಸೋವಿಯತ್’ ಎಂದರೆ ಆ ಅಕ್ಷರವೇ ಕಣ್ಣಮುಂದೆ ಬರುವುದರಿಂದ. ನಿಮ್ಮ ಮಗಳು ಮತ್ತೆ ಆ ಸಂತೆಗೆ ಹೋದರೆ ಇದು ಉಪಯೋಗಕ್ಕೆ ಬರಲಿ.

ಕಲಾಕೃತಿ ಹೌದೇ ಎಂದು ಕೇಳಿದ್ದೀರಿ. ಹೌದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ. 1920ರ ದಶಕದ ಟಿಬಿಲಿಸಿಯಲ್ಲಿ ರಂಗಭೂಮಿ, ಚಿತ್ರಕಲೆ, ಪುಸ್ತಕ ವಿನ್ಯಾಸ, ಸಿನಿಮಾ ಬೇರೆಬೇರೆ ಓಣಿಗಳಾಗಿರಲಿಲ್ಲ. ಮೇಲೆ ಹೇಳಿದ ಜ್ದಾನೆವಿಚ್ ಸೋದರರಲ್ಲಿ ಇಲ್ಯಾ ಎಂಬವರು ಅಚ್ಚುಮೊಳೆಗಳನ್ನೇ ಕುಣಿಸಿ ಕವಿತೆ ಮಾಡಿದವರು. 1924ರಲ್ಲಿ ಅಲ್ಲಿನ ಯುವ ಕವಿಗಳು ಗಂಧಕಾಮ್ಲದ ಸೂತ್ರವಾದ ‘ಎಚ್2ಎಸ್‌ಒ4’ ಎಂಬುದನ್ನೇ ಹೆಸರಾಗಿಟ್ಟು ಪತ್ರಿಕೆ ತಂದರು. ಅದರ ಪುಟಗಳನ್ನು ರೂಪಿಸಿದವರಲ್ಲಿ ಬೆನೊ ಗೊರ್ದೆಜಿಯಾನಿ ಜೊತೆ ನಮ್ಮ ಗಮ್ರೆಕೆಲಿಯೂ ಇದ್ದರು. ಇದೇ ಗಮ್ರೆಕೆಲಿ ರುಸ್ತಾವೆಲಿ ರಂಗಮಂದಿರದ ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದರು. ಮೆಟ್ಟಿಲು, ಇಳಿಜಾರು, ಎತ್ತರದ ವೇದಿಕೆಗಳಲ್ಲಿ ಯೋಚಿಸುವ ಕಣ್ಣು ಅದು. ಇಂಥವರ ಕೈಗೆ ಪೋಸ್ಟರ್ ಬಂದಾಗ ಅವರು ನಾಯಕ ನಾಯಕಿಯ ಮುಖ ಬರೆದು ಸುಮ್ಮನಾಗಲಿಲ್ಲ. ಹಾಳೆಯನ್ನೇ ರಂಗವಾಗಿ ಕಂಡರು. ಓರೆಗೆರೆ, ಬೃಹತ್ ಕೈ, ಪುಟ್ಟ ಮನುಷ್ಯ, ಅವನ ಮೇಲೆ ಬೀಳುವಂತಿರುವ ಅಕ್ಷರ.

ಆ ದಿನಗಳು ಬಹಳ ಕಾಲ ಉಳಿಯಲಿಲ್ಲ. 1932ರಲ್ಲಿ ಕಮ್ಯುನಿಸ್ಟ್ ಪಕ್ಷ ಎಲ್ಲ ಸ್ವತಂತ್ರ ಕಲಾ ಸಂಘಗಳನ್ನು ಮುಚ್ಚಿ ಒಂದೇ ಕೊಡೆಯಡಿ ತಂದಿತು, ಸಮಾಜವಾದವನ್ನು ಹೊಗಳುವ ‘ಸಮಾಜವಾದಿ ವಾಸ್ತವವಾದ’ ಎಂಬ ಶೈಲಿ ಕಡ್ಡಾಯವಾಯಿತು. ಸ್ಟಾಲಿನ್ ಆಳ್ವಿಕೆಯ ಸಾಮೂಹಿಕ ಹತ್ಯೆಗಳ 1937 ಬಂತು. ರುಸ್ತಾವೆಲಿಯ ನಿರ್ದೇಶಕ ಸಾಂದ್ರೊ ಅಖ್ಮೆತೆಲಿಯನ್ನು ಗುಂಡಿಟ್ಟು ಕೊಂದರು. ಪೆತ್ರೆ ಒತ್ಸ್‌ಖೇಲಿ ಎಂಬ ಅಸಾಧಾರಣ ರಂಗವಿನ್ಯಾಸಕನನ್ನೂ ಅದೇ ವರ್ಷ ಕೊಂದರು, ಅವನಿಗಿನ್ನೂ 30 ಆಗಿತ್ತಷ್ಟೇ. ಆಮೇಲಿನ ಸುಮಾರು 20 ವರ್ಷದ ಪೋಸ್ಟರುಗಳಲ್ಲಿ ನುರಿತ ಕೈ ಕಾಣುತ್ತದೆ, ಧೈರ್ಯ ಕಾಣುವುದಿಲ್ಲ. ನಗುವ ರೈತರು, ನೀಲಿ ಆಕಾಶ. ಅಲಂಕಾರಕ್ಕೆಂದು ಆ ಕಾಲದ್ದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಸ್ಟಾಲಿನ್ ತೀರಿಕೊಂಡ ಮೇಲೆ ಬಿಗಿ ಸಡಿಲಿತು. ತೆಂಗಿಜ್ ಅಬುಲಾಡ್ಜೆ, ರೆಜೊ ಚ್ಖೇಯಿಡ್ಜೆ ಇಬ್ಬರೂ ಸೇರಿ 1955ರಲ್ಲಿ ಮಾಡಿದ ‘ಮಗ್ದಾನಾಳ ಕತ್ತೆ’ ಮರುವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ಅಲ್ಲಿಂದ ಮುಂದಿನ ಮೂವತ್ತು ವರ್ಷ ಜಾರ್ಜಿಯನ್ ಸಿನಿಮಾದ ಸುಗ್ಗಿ. ಒತಾರ್ ಇಯೊಸೆಲಿಯಾನಿ, ಶೆಂಗೆಲಾಯಾ ಸೋದರರಾದ ಎಲ್ದಾರ್ ಮತ್ತು ಗಿಯೊರ್ಗಿ, ಅಬುಲಾಡ್ಜೆಯ ಮೂರು ಮಹಾಚಿತ್ರಗಳು. ಆ ಮೂರರಲ್ಲಿ ಕೊನೆಯದಾದ ‘ಪಶ್ಚಾತ್ತಾಪ’ 1984ರಲ್ಲಿ ಮುಗಿದರೂ ಬೀರುವಿನಲ್ಲಿ ಬಿದ್ದಿದ್ದು 1987ರಲ್ಲಿ ಒಕ್ಕೂಟದಾದ್ಯಂತ ತೆರೆಕಂಡಿತು, ಅದೇ ವರ್ಷ ಕಾನ್‌ನಲ್ಲಿ ತೀರ್ಪುಗಾರರ ಮಹಾಪ್ರಶಸ್ತಿ ಪಡೆಯಿತು. ಈ ಕಾಲದ ಪೋಸ್ಟರುಗಳಲ್ಲಿ ಮತ್ತೆ ಚಿತ್ರಕಾರರ ಕೈ ಕಾಣುತ್ತದೆ. 20ರ ದಶಕದ ಗದ್ದಲ ಇಲ್ಲಿಲ್ಲ. ಮಣ್ಣಿನ ಬಣ್ಣ, ದೊಡ್ಡ ಖಾಲಿ ಜಾಗ, ಹಳೆಯ ಚರ್ಚಿನ ಭಿತ್ತಿಚಿತ್ರಗಳಲ್ಲಿರುವಂಥ ಎದುರುಮುಖದ ಆಕೃತಿಗಳು. ಮನೆಯಲ್ಲಿ ದಿನಾ ನೋಡುತ್ತ ಬದುಕಲು ನನಗೆ ಇವೇ ಇಷ್ಟ. ಕೊಳ್ಳಬಹುದಾದ ಬೆಲೆಗೆ ಅಸಲಿ ಸಿಗುವ ಕಾಲವೂ ಇದೇ.

ಕೊಳ್ಳುವಾಗ ಬೆರಕೆಯಾಗದಂತೆ ನೋಡಿಕೊಳ್ಳಬೇಕು. ಜಾರ್ಜಿಯನ್ ಎಂದು ಮಾರುವುದೆಲ್ಲ ಜಾರ್ಜಿಯನ್ ಅಲ್ಲ. ‘ಮಿಮಿನೊ’ (1977) ಜಾರ್ಜಿಯನ್ ಪೈಲಟ್ಟಿನ ಕಥೆಯೇ ಹೌದು, ತಯಾರಿಸಿದ್ದು ಮಾಸ್ಕೋದ ಮೊಸ್‌ಫಿಲ್ಮ್. ‘ದಾಳಿಂಬೆಯ ಬಣ್ಣ’ದ ಸೆರ್ಗೈ ಪರಾಜಾನೊವ್ ಹುಟ್ಟಿದ್ದು ಟಿಬಿಲಿಸಿಯಲ್ಲಿ, ಆ ಚಿತ್ರ ಮಾತ್ರ ಅರ್ಮೇನಿಯಾದ ಸ್ಟುಡಿಯೊದ್ದು. ಅವರದೇ ‘ಸುರಾಮ್ ಕೋಟೆಯ ದಂತಕಥೆ’ (1985) ಜಾರ್ಜಿಯಾದ್ದೇ. ಕೆಳಪಟ್ಟಿಯಲ್ಲಿ, ಇಲ್ಲವೇ ಶೀರ್ಷಿಕೆಯ ಬಳಿ, ರಷ್ಯನ್‌ನಲ್ಲಿ ‘ಗ್ರುಜಿಯಾ ಫಿಲ್ಮ್’ ಎಂದೋ ಜಾರ್ಜಿಯನ್‌ನಲ್ಲಿ ‘ಕಾರ್ತುಲಿ ಫಿಲ್ಮಿ’ ಎಂದೋ ಇದೆಯೇ ಎಂದು ಮಗಳಿಗೆ ನೋಡಲು ಹೇಳಿ. ಮಾಸ್ಕೋದ ಸ್ಟೆನ್‌ಬರ್ಗ್ ಸೋದರರು ಬರೆದ 20ರ ದಶಕದ ಪ್ರಸಿದ್ಧ ಪೋಸ್ಟರುಗಳೂ ಅದೇ ಸಂತೆಯಲ್ಲಿ ತೂಗಾಡುತ್ತಿರುತ್ತವೆ, ಎಲ್ಲವೂ ಮರುಮುದ್ರಣವೇ ಎಂದುಕೊಂಡು ಮುಂದೆ ನಡೆಯಿರಿ. ಪೋಲೆಂಡಿನಲ್ಲಿ ಜಾರ್ಜಿಯನ್ ಚಿತ್ರಗಳಿಗೆ ಮಾಡಿದ ಪೋಸ್ಟರುಗಳು ಬೇರೆಯದೇ ಲೋಕ. ಅದ್ಭುತವಾದವು ಇವೆ, ಆದರೆ ಅವು ಪೋಲಿಷ್ ಕಲೆ, ಪೋಲಿಷ್ ಎಂದೇ ಕೊಳ್ಳಿ.

ಇನ್ನು ಫ್ರೇಮು. ಇವುಗಳ ಕಾಗದ ಅಗ್ಗದ ಮರದ ತಿರುಳಿನದು, ತನ್ನಲ್ಲೇ ಆಮ್ಲ ಹೊತ್ತುಕೊಂಡಿರುತ್ತದೆ. ಲ್ಯಾಮಿನೇಟ್ ಮಾಡಿದರೆ ಆಮ್ಲವನ್ನು ಒಳಗೇ ಮುಚ್ಚಿಟ್ಟಂತೆ, ಮತ್ತೆ ಬಿಡಿಸುವುದಕ್ಕೂ ಆಗದು. ಹಲಗೆಯ, ಪ್ಲೈವುಡ್ಡಿನ ಆಮ್ಲ ಹಿಂದಿನಿಂದ ಬಂದು ಸೇರಿ ಕೆಲವೇ ವರ್ಷದಲ್ಲಿ ಕಂದು ಮಚ್ಚೆ ಏಳುತ್ತದೆ. ಹರಿದ ಅಂಚಿಗೆ ಸೆಲ್ಲೋಟೇಪ್ ಹಚ್ಚಬೇಡಿ, ಮಡಿಕೆಗೆ ಇಸ್ತ್ರಿ ಹಾಕಬೇಡಿ. ಮನೆಯಲ್ಲಿ ಯಾರಾದರೂ ಮೈದಾ ಅಂಟು ಒಳ್ಳೆಯದು, ಗೋಡೆಗೆ ಪೋಸ್ಟರ್ ಹಚ್ಚುವವರೂ ಅದನ್ನೇ ಬಳಸುತ್ತಾರೆ ಎನ್ನಬಹುದು. ಮಾತು ಅರ್ಧ ಸರಿ. ಸಂರಕ್ಷಣೆ ಮಾಡುವವರು ಬಳಸುವುದೂ ಗೋಧಿಯದ್ದೇ ಅಂಟು, ಆದರೆ ಗ್ಲುಟೆನ್ ಎಂಬ ಅಂಟಂಶವನ್ನು ತೊಳೆದು ತೆಗೆದ ಬರಿಯ ಗಂಜಿ. ಮೈದಾದಲ್ಲಿ ಉಳಿದ ಅಂಟಂಶ ಹುಳಕ್ಕೆ ಹಬ್ಬ. ಹುಳ ಬಾರದಿರಲೆಂದು ಬೈಂಡಿಂಗ್ ಮಾಡುವವರು ಮೈಲುತುತ್ತ ಬೆರೆಸುವುದುಂಟು, ಅದು ಕಾಗದವನ್ನೇ ಸುಡುತ್ತದೆ.

ಮಾಡಬೇಕಾದದ್ದು ಹೀಗೆ. ಪೋಸ್ಟರಿನ ಹಿಂದೆ ಆಮ್ಲರಹಿತ ಮೌಂಟ್ ಬೋರ್ಡ್. ಅದಕ್ಕೆ ಪೋಸ್ಟರನ್ನು ಪೂರ್ತಿ ಅಂಟಿಸದೆ, ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳಿಂದ ಇಳಿಬಿಡಬೇಕು. ಮುಂದೆ ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್ ಹಾಳೆ. ಅದು ಕಾಗದಕ್ಕೆ ತಾಗಬಾರದು, ನಡುವೆ ಕೆಲವು ಮಿಲಿಮೀಟರ್ ಸಂದು ಬೇಕು. ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿಕೊಂಡ ಶಾಯಿಯನ್ನು ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಸುತ್ತ ಕಾಣುವ ಮೌಂಟ್ ಅಚ್ಚಬಿಳಿ ಬೇಡ, ಕೆನೆಬಣ್ಣ ಇರಲಿ. ಅಚ್ಚಬಿಳಿಯ ಪಕ್ಕ ಹಳೆಯ ಕಾಗದ ಕೊಳೆಯಾದಂತೆ ಕಾಣುತ್ತದೆ, ಕೆನೆಬಣ್ಣದ ಪಕ್ಕ ಅದೇ ಕಾಗದ ಬೆಚ್ಚಗೆ ಕಾಣುತ್ತದೆ. ಗೋಡೆಯ ಬಣ್ಣಕ್ಕೂ ಇದೇ ಮಾತು. ಕೆಳಪಟ್ಟಿ ಮೌಂಟಿನಡಿ ಮುಚ್ಚಿಹೋಗದಿರಲಿ, ಪೂರ್ತಿ ಕಾಣಲಿ.

‘ಪಿರೊಸ್ಮಾನಿ’ಯ ಹರಿದ ಅಂಚನ್ನು ಫ್ರೇಮ್ ಹಾಕುವ ಮೊದಲೇ ಬಲ್ಲವರಿಂದ ಸರಿಮಾಡಿಸಿ. ನೀವು ಇರುವುದು ಮೈಸೂರಿನಲ್ಲಿ, ಅದು ನಿಮ್ಮ ಅದೃಷ್ಟ. ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣೆಗಾಗಿರುವ ಕೇಂದ್ರ ಸರ್ಕಾರದ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ನಿಮ್ಮ ಊರಿನಲ್ಲೇ ಇದೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ ನಡೆಸುವ ಕಲಾ ಸಂರಕ್ಷಣಾ ಕೇಂದ್ರವಿದೆ. ಹೋಗಿ ಕೇಳಿ. ಖಾಸಗಿ ಕೆಲಸ ತೆಗೆದುಕೊಳ್ಳದಿದ್ದರೂ ಯಾರ ಬಳಿ ಹೋಗಬೇಕೆಂದು ಹೇಳಿಯಾರು.

ಹಾಕುವ ಗೋಡೆ ಮಳೆ ಬಡಿಯುವ ಹೊರಗೋಡೆ ಆಗಬಾರದು, ಬಚ್ಚಲಿನ ಹಿಂಬದಿಯೂ ಆಗಬಾರದು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಹಚ್ಚಿದರೆ ಗಾಳಿಯಾಡುತ್ತದೆ, ಬೆಳ್ಳಿಹುಳ ಗೂಡುಕಟ್ಟುವುದಿಲ್ಲ. ಸಂಗ್ರಹಾಲಯಗಳಲ್ಲಿ ಕಾಗದದ ಕೃತಿಗಳಿಗೆ ಬೀಳುವ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿಗೆ ಮಿತಿಗೊಳಿಸುತ್ತಾರೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಆಗದು, ಆದರೆ ನೇರ ಬಿಸಿಲು ದಿನದಲ್ಲಿ ಒಂದು ಗಳಿಗೆಯೂ ಬೀಳಬಾರದು. ಚೌಕಟ್ಟಿನ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿರಲಿ. ಎರಡು ಪೋಸ್ಟರನ್ನೂ ಒಂದೇ ಗೋಡೆಗೆ ಹಾಕಬೇಡಿ. ‘ಪಿರೊಸ್ಮಾನಿ’ಗೆ ಹಾಲ್‌ನ ಗೋಡೆಯೊಂದನ್ನು ಪೂರ್ತಿ ಬಿಟ್ಟುಕೊಡಿ, ಅದರ ಕಪ್ಪಿಗೆ ಸುತ್ತ ಜಾಗ ಬೇಕು. ‘ಸೈನಿಕನ ತಂದೆ’ ಓದುವ ಕೋಣೆಗೆ ಹೋಗಲಿ. ಒಂದೆರಡು ವರ್ಷಕ್ಕೊಮ್ಮೆ ಎರಡನ್ನೂ ಇಳಿಸಿ ಕೆಲವು ತಿಂಗಳು ಕತ್ತಲಲ್ಲಿ ಚಪ್ಪಟೆಯಾಗಿ ಮಲಗಿಸಿಡಿ.

ಮಗಳು ಮುಂದಿನ ಸಲ ತರುವುದಾದರೆ ಪೋಸ್ಟರನ್ನು ಅಗಲವಾದ ರಟ್ಟಿನ ಕೊಳವೆಯಲ್ಲಿ, ಚಿತ್ರ ಹೊರಮುಖವಾಗಿ, ಸಡಿಲವಾಗಿ ಸುತ್ತಿ ಕೈಸಾಮಾನಿನಲ್ಲೇ ತರಲಿ. ಮಾರಿದವರಿಂದ ರಸೀದಿ ಬರೆಸಿಕೊಳ್ಳಲಿ. 20ರ, 30ರ ದಶಕದ್ದು ಅಸಲಿ ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಕೊಳ್ಳುವ ಮೊದಲೇ ಅಲ್ಲಿನ ಸಾಂಸ್ಕೃತಿಕ ಪರಂಪರೆ ಸಂರಕ್ಷಣೆಯ ರಾಷ್ಟ್ರೀಯ ಸಂಸ್ಥೆಯಲ್ಲಿ ಹೊರದೇಶಕ್ಕೆ ಒಯ್ಯಲು ಅನುಮತಿಪತ್ರ ಬೇಕೇ ಎಂದು ವಿಚಾರಿಸಲಿ. ಅಂಥ ಪೋಸ್ಟರ್ ನಿಜವಾಗಿಯೂ ಸಿಕ್ಕರೆ, ಅದು ಟಿಬಿಲಿಸಿಯಲ್ಲೇ ಉಳಿಯುವುದು ಸರಿ ಎಂಬುದು ನನ್ನ ಅಭಿಪ್ರಾಯ; ಫೋಟೊ ತೆಗೆದುಕೊಂಡು, ಅಲ್ಲಿನ ವಸ್ತುಸಂಗ್ರಹಾಲಯದವರಿಗೆ ಸುದ್ದಿ ಮುಟ್ಟಿಸಲಿ.